ಕೈ ಹಿಂದೆ

ಬಲೆ ಸೊಸೈಟಿಯ ಹಳೇ ಗೋದಾಮು,
ತದಡಿಯ ಧಕ್ಕೆಗೆ ಬೆನ್ನು ಹಾಕಿ ನಿಂತದ್ದು.
ಭಾನುವಾರ ಮೂರಕ್ಕೆ ಬೀಗ ತೆಗೆಯುವವನು ಇನಾಸ,
ಬೋಟಿನ ಇಂಜಿನ್ನು ಬಿಚ್ಚಿ ಬಿಚ್ಚಿ
ಉಗುರಿನಡಿ ಖಾಯಂ ಕಪ್ಪು.
ಒಳಗೆ ಹದಿನಾಲ್ಕು ಮಕ್ಕಳು, ಹದಿನಾಲ್ಕು ತುಂಡು ಮರ,
ಒಡೆದ ದೋಣಿಯ ಪಕ್ಕೆಯಿಂದ ಕೊಯ್ದದ್ದು.
ಗರಗಸ ಮೂರೇ.

ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದೇ ನಿಯಮ:
ದೊಡ್ಡವರು ಕೈ ಹಿಂದೆ ಕಟ್ಟಿಕೊಳ್ಳಬೇಕು.
ಬರೆದದ್ದು ನಾನೇ. ಅಂಚೆ ಕಚೇರಿಯವ,
ಮೊಳೆ ಹೊಡೆದರೆ ಹೆಬ್ಬೆರಳಿಗೇ ಬೀಳುವವ,
ನನಗೆ ಆ ನಿಯಮ ಸುಲಭ.

ಕಷ್ಟ ಜಟ್ಟಿ ಮೇಸ್ತನಿಗೆ.
ನಲವತ್ತು ವರ್ಷ ದೋಣಿ ಕಟ್ಟಿದ ಕೈಗಳು
ಸೊಂಟದ ಹಿಂದೆ ಒಂದನ್ನೊಂದು ಹಿಡಿದು
ಏಡಿಗಳ ಹಾಗೆ ಕಚ್ಚಾಡುತ್ತವೆ.
ಚಿರಾಗ ಉಳಿಯನ್ನು ಎಳೆಗೆ ಅಡ್ಡ ಇಟ್ಟಾಗ
"ಹ್ಞಾಂ," ಎನ್ನುತ್ತಾನೆ, ಅಷ್ಟೇ.
ಮರ ಸಿಬಿರೆದ್ದ ಮೇಲೆ
ಹುಡುಗನೇ ತಿರುಗಿಸಿ ಹಿಡಿಯುತ್ತಾನೆ.
"ಚಕ್ರ ಇರೂದು ನಾ ಒಂದೂ ಮಾಡ್ಲಿಲ್ಲ ಮಾರಾಯ್ರೆ,"
ನನ್ನ ಕಿವಿಯಲ್ಲಿ ಹೇಳಿದ,
"ದೋಣಿ ಚೂರು ವಾಲಿದ್ರೂ ನೀರು ತಡಕಂತದೆ.
ಈ ನೆಲ ಉಂಟಲ್ಲ, ಇದಕ್ಕೆ ದಾಕ್ಷಿಣ್ಯ ಇಲ್ಲ."

ಚಕ್ರಕ್ಕೆ ಹರಿದ ಬಲೆಯ ಬೆಂಡು, ತೂಕಕ್ಕೆ ಸೀಸದ ಗುಂಡು.
ಕಾಲು ಕಿಲೋ ಮೀರಬಾರದು. ತೂಗುವವಳು ತುಳಸಕ್ಕ,
ಪೇಟೆ ಮುಗಿಸಿ ಬಂದ ಅದೇ ತಕ್ಕಡಿ,
ತಟ್ಟೆಯಂಚಿಗೆ ಒಣಗಿದ ಎರಡು ಹುರುಪೆ.
ಮೀನಿಗೆ ಚೌಕಾಸಿ ಉಂಟು, ಕಾರಿಗಿಲ್ಲ.
ಅಚ್ಚಿಗೆ ಯಾರೋ ತಾರ್ಲೆ ಎಣ್ಣೆ ಹಚ್ಚಿದರು;
ಅಂದಿನಿಂದ ಧಕ್ಕೆಯ ಬೆಕ್ಕುಗಳೂ
ಭಾನುವಾರ ಮೂರಕ್ಕೆ ಸರಿಯಾಗಿ ಹಾಜರು.

ಓಟದ ದಿನ.
ದೋಣಿ ನೀರಿಗಿಳಿಸುವ ಎರಡು ಹಲಗೆ
ಉದ್ದಕ್ಕೆ ಜೋಡಿಸಿ, ಒಂದು ತುದಿಯನ್ನು ಕಿಟಕಿಗೇರಿಸಿ
ಇಳಿಜಾರು.
ಅಷ್ಟನ್ನು ಮಾತ್ರ ನಾವು ದೊಡ್ಡವರು ಮಾಡಿದ್ದು.

ಸುಮೈಯಾಳ ಕಾರು ಹಸಿರು, ಮೂಗು ಚೂಪು.
ಆರು ಭಾನುವಾರ ಉಜ್ಜಿ ಉಜ್ಜಿ,
ಕೆನ್ನೆಗೆ ತಾಗಿಸಿ ನೋಡಿ ಮತ್ತೆ ಉಜ್ಜಿ.
ಬಿಟ್ಟಳು.
ಬಂತು, ಬಂತು,
ಹಲಗೆಗೆ ಹಲಗೆ ಕೂಡುವಲ್ಲಿ
ನಿಂತುಬಿಟ್ಟಿತು.

ಯಾರೂ ಮುಟ್ಟುವಂತಿಲ್ಲ. ಅವಳೂ.
ಇನಾಸನ ಮೊಬೈಲಿನಲ್ಲಿ ಸೆಕೆಂಡುಗಳು ಓಡುತ್ತಿವೆ.
ಮೇಸ್ತನ ಬೆನ್ನ ಹಿಂದೆ ನೋಡಿದೆ:
ಬೆರಳ ಗೆಣ್ಣುಗಳೆಲ್ಲ ಬಿಳಿಚಿವೆ.
ಆಗ ಹೊರಗೆ ಮಂಜುಗಡ್ಡೆಯ ಲಾರಿ
ಗುಂಡಿಗಿಳಿದು ಎದ್ದಿತು. ಮಾಡಿನ ತಗಡು ಗಡಗಡ,
ಹಲಗೆಗೆ ಸಣ್ಣ ನಡುಕ,
ಹಸಿರು ಕಾರು ತುಸು ಯೋಚಿಸಿ
ಇಳಿದು ಹೋಯಿತು.

ಲಾರಿ ತಳ್ಳಿದ್ದು ಲೆಕ್ಕವೇ?
ಅಲ್ಲವೇ ಅಲ್ಲ, ಚಿರಾಗ ಬೆಂಚು ಹತ್ತಿದ.
"ಕೈ ಹಾಕ್ಬಾರ್ದು ಅಂತ ಬರ್ದದೆ,
ಲಾರಿಗೆ ಕೈ ಎಲ್ಲುಂಟು?" ಎಂದಳು ಸುಮೈಯಾ.
ತುಳಸಕ್ಕ ಎರಡೂ ಕಡೆಯದನ್ನು ಕೇಳಿ,
ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಂದು,
"ನಾ ತೂಗೂಕೆ ಬಂದವ್ಳು, ತೀರ್ಪಿಗಲ್ಲ,"
ತಕ್ಕಡಿ ಮಡಚಿದಳು.
ಕತ್ತಲಾಗುವವರೆಗೂ ಜಗಳ.
ಬೆಕ್ಕುಗಳೂ ಬೇಸತ್ತು ಹೋದವು.

ಮರೆತ ಕೊಡೆಗೆಂದು ನಾನು ಮರಳಿದಾಗ
ಒಳಗೆ ದೀಪ.
ಜಟ್ಟಿ ಮೇಸ್ತ ಮಂಡಿಯೂರಿ
ಹಲಗೆಯ ಸಂದಿಯ ಮೇಲೆ ಬೆರಳು ಹಾಯಿಸುತ್ತಿದ್ದ,
ಪಕ್ಕದಲ್ಲಿ ಕೀಸುಳಿ, ಸುರುಳಿ ಸುರುಳಿ ಹೆರೆ.
"ಅಕ್ಕಿಕಾಳಿನಷ್ಟು ಏರು ಇತ್ತು," ಎಂದ, ತಲೆ ಎತ್ತದೆ.
"ಹುಡ್ಗೀ ಕಾರು ಸಮ ಇತ್ತು.
ಹಲಗೆ ನಮ್ದು."

ಮರಳುಕಾಗದ ಹರಿದು ಅರ್ಧ ನನಗೆ ಕೊಟ್ಟ.
ಕೂತೆ. ಉಜ್ಜತೊಡಗಿದೆ.
"ಹ್ಞಾಂ," ಎಂದ ಮೇಸ್ತ, ಅಷ್ಟೇ.
ತಿರುಗಿಸಿ ಹಿಡಿದೆ.