ಭಾನುವಾರದ ದರ

ತಿಂಗಳ ಕೊನೆ. ಮಂಡ್ಯದ ಬೆಲ್ಲದ ಮಂಡಿ, ಹಿಂದಿನ ಕೋಣೆ.
ಸರ್ವರಿನ ಲಾಗು ಜರಡಿಗೆ ಹಾಕುತ್ತಿದ್ದೇನೆ.
"ನಲವತ್ತು ಸಾವ್ರ ಜನ ಬಂದವ್ರೆ!"
ಅಧ್ಯಕ್ಷರು ಚಿಕ್ಕಲಿಂಗಯ್ಯ ಗ್ರಾಫಿನ ಕಂಬಗಳನ್ನು
ಕಬ್ಬಿನ ಜಲ್ಲೆಯಂತೆ ಗೇಣು ಹಾಕಿ ಅಳೆಯುತ್ತಾರೆ.

ಜನ ಅಲ್ಲ ಸಾರ್, ಮುಕ್ಕಾಲು ಪಾಲು ಬಾಟುಗಳು,
ಕೊಪ್ಪರಿಗೆಯಲ್ಲಿ ಉಕ್ಕಿ ಬಂದ ಮಡ್ಡಿ.
ಉಳಿದದ್ದರಲ್ಲಿ ಆರುನೂರು ನಿಮ್ಮದೇ ಫೋನು.
ಅವರು ನಗಲಿಲ್ಲ. ಟೀ ತರಿಸಿದರು.

ಮಡ್ಡಿ ತೆಗೆದ ಮೇಲೆ ತಳದಲ್ಲಿ ಒಂದು ಸಾಲು:
ಪ್ರತಿ ಭಾನುವಾರ ನಸುಕಿಗೆ ಯಾರೋ
ಆ ದಿನದ ಅಚ್ಚುಬೆಲ್ಲದ ದರ ಕೇಳುತ್ತಾರೆ.
ಭಾನುವಾರ ಮಂಡಿಯೇ ಇಲ್ಲ.
ನಾನೂರ ನಾಲ್ಕು, ಅನ್ನುತ್ತದೆ ಸರ್ವರು,
ಕದ ತೆರೆಯದೆ ಒಳಗಿಂದಲೇ "ಯಾರೂ ಇಲ್ಲ" ಅಂದ ಹಾಗೆ.
ಹನ್ನೊಂದು ವಾರ.
ಒಮ್ಮೆ ಮೂರೂ ಹತ್ತು, ಒಮ್ಮೆ ನಾಲ್ಕಕ್ಕೆ ಐದು ನಿಮಿಷ.
ಬಾಟುಗಳು ಹೊತ್ತು ತಪ್ಪುವುದಿಲ್ಲ.
ಇವರು ತಪ್ಪುತ್ತಾರೆ.

ಗಾಣದವರೋ, ಲಾರಿಯವರೋ,
ನಿದ್ದೆ ಹತ್ತದ ಅಂಗಡಿಯವರೋ.

ಶನಿವಾರ ಬೀಗ ಹಾಕುವ ಮುಂಚೆ
ಮಾರನೆಯ ದಿನದ ಹೆಸರಲ್ಲಿ ಒಂದು ಪುಟ ಬರೆದಿಟ್ಟೆ:
"ಇವತ್ತು ಮಂಡಿಗೆ ರಜ. ನಿನ್ನೆಯ ದರ ಕೆಳಗಿದೆ."

ಸೋಮವಾರ ಬಂದು ನೋಡಿದರೆ
ಮೂರೂ ಇಪ್ಪತ್ತು: ಇನ್ನೂರು, ಪುಟ ಸಿಕ್ಕಿದೆ.
ಮೂರೂ ಇಪ್ಪತ್ತೊಂದು: ಇನ್ನೂರು.
ಎರಡು ಸಲ ಓದಿದ್ದಾರೆ.