ಖಯ್ಯಾತ್

ನನ್ನ ಗುರುತಿನ ಕಾರ್ಡಿನಲ್ಲಿ ಉದ್ಯೋಗ: ಖಯ್ಯಾತ್.
ಅಂದರೆ ದರ್ಜಿ.
ಮನಾಮದ ಟೈಪಿಂಗ್ ಸೆಂಟರಿನಲ್ಲಿ
ಬಾಯಿಬಿಟ್ಟು ಟ್ರೇಲರ್ ಅಂತಲೇ ಅಂದಿದ್ದೆ.
ಟಕಾರದ ಕಾಲಿಗೆ ಜೋತುಬಿದ್ದ ರ-ಒತ್ತು
ಏಸಿಯ ಗದ್ದಲದಲ್ಲಿ ಎಲ್ಲೋ ಉದುರಿತು.
ತಿದ್ದಿಸಲು ಇಪ್ಪತ್ತೆರಡು ದಿನಾರ್.
'ಇರಲಿ ಬಿಡು ಮೌಲಾಲಿ,' ಅಂದ ಮಾಲೀಕ ಹಿಶಾಮ್,
'ಎರಡೂ ಕತ್ತರಿ ಕೆಲಸವೇ.'

ಗುದೈಬಿಯಾದ ಲಾಂಡ್ರಿಯ ಮೇಲೆ ನಮ್ಮ ಸ್ಟುಡಿಯೋ.
ಕಿಟಕಿ ಇಲ್ಲ. ಇಸ್ತ್ರಿಯ ಹಬೆ ನೆಲದಿಂದ ಕಾಲಿಗೆ ಹತ್ತುತ್ತದೆ.
ಕೈರೋದಿಂದ, ಚೆನ್ನೈಯಿಂದ, ಮುಂಬೈಯಿಂದ
ಎರಡೂಮುಕ್ಕಾಲು ತಾಸಿನ ಚಿತ್ರಗಳು ಬರುತ್ತವೆ,
ಒಂದು ನಿಮಿಷ ಐವತ್ತು ಸೆಕೆಂಡಾಗಿ ಹೋಗುತ್ತವೆ.
ಮುತ್ತು ತೆಗಿ, ಮದ್ಯದ ಲೋಟ ತೆಗಿ,
ಹಾಡಿನಿಂದ ನಡು ತೆಗಿ.
ಉಳಿದದ್ದಕ್ಕೆ ಜನ ಕ್ಯೂ ನಿಲ್ಲಬೇಕು.

ಕೊಪ್ಪಳದ ಕೇಬಲ್ ಅಂಗಡಿಯಲ್ಲಿ ಕತ್ತರಿಸಿದ್ದು
ಸೀರೆಯ, ಗೊಬ್ಬರದ ಜಾಹೀರಾತು.
ಇಲ್ಲಿ ಮೊದಲ ಮೂರು ವರ್ಷ ಬರೀ ಮದುವೆ:
ಆರು ತಾಸು ಕೈಕುಲುಕುವುದು, ಬಿರಿಯಾನಿ, ಮತ್ತೆ ಕೈಕುಲುಕುವುದು.
ಆಮೇಲೆ ಸುಗುಣನ್ ಪಕ್ಕಕ್ಕೊಂದು ಸ್ಟೂಲು ಎಳೆದ.
'ಗುಂಡಿನ ಸದ್ದಿಗೆ ಮೊದಲು ಎರಡು ಫ್ರೇಮು ಏನೂ ಇಡಬೇಡ.'
'ಅಳುವವಳ ಮುಖ ಬೇಡ, ಅಳು ಕೇಳಿಸಿಕೊಂಡವನದು ಇಡು.'
ಒಂದೂವರೆ ವರ್ಷಕ್ಕೆ ಅಷ್ಟೇ, ಎರಡು ಮಾತು.
ದೋಹಾಕ್ಕೆ ಹೋಗುವಾಗ ಹೆಡ್‌ಫೋನು ಬಿಟ್ಟುಹೋದ.
ಅದು ಎಡಕಿವಿಗೆ ಮಾತ್ರ ಕೇಳಿಸುತ್ತದೆ.

ಕಾರ್ಡು ಓದಿ ನಂಬಿದವರು ರೂಮಿನವರು.
ಬಾಂಗ್ಲಾದ ಜಲಾಲುದ್ದೀನ್, ಬ್ಯಾಂಕಿನ ವಾಚ್‌ಮನ್,
ಆರಡಿಯವನ ಅಳತೆಗೆ ಹೊಲಿದ ಪ್ಯಾಂಟು ಹಿಡಿದು ಬಂದ:
'ನಾಲ್ಕಿಂಚು, ಖಯ್ಯಾತ್ ಭಾಯ್.'
ನಾನು ದರ್ಜಿ ಅಲ್ಲಪ್ಪಾ ಅಂದರೆ
ಸರ್ಕಾರ ಸುಳ್ಳು ಬರೆಯುತ್ತದಾ ಅಂದ.
ಸೂಜಿ ಕೊಂಡೆ.
ಮೊದಲ ಪ್ಯಾಂಟು ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ.
ಈಗ ಪ್ರತಿ ಶುಕ್ರವಾರ ಮೂರೋ ನಾಲ್ಕೋ ಬರುತ್ತವೆ.
ಕತ್ತರಿಸುವುದಿಲ್ಲ. ಮಿಕ್ಕ ಬಟ್ಟೆ ಒಳಗೆ ಮಡಚಿ ಹೊಲಿಯುತ್ತೇನೆ;
ಮುಂದಿನ ವಾಚ್‌ಮನ್ ಎತ್ತರದವನಿರಬಹುದು.

ರಂಜಾನಿಗೆ ಮುಂಚೆ ತಪಾಸಣೆಯವರು ಬಂದರು.
ಹಿಶಾಮ್ ಊರಲ್ಲಿರಲಿಲ್ಲ.
ಕಾರ್ಡು ನೋಡಿ, ಎರಡು ಮಾನಿಟರು ನೋಡಿ,
'ಮಷೀನೆಲ್ಲಿ?' ಅಂದ ನರೆಗಡ್ಡದ ಅಧಿಕಾರಿ.
ಮೊಳೆಗೆ ನೇತುಬಿದ್ದ ಪ್ಯಾಂಟು ತೋರಿಸಿದೆ.
'ಮತ್ತೆ ಇದು?' ಪರದೆಯತ್ತ ಪೆನ್ನು.
ಸ್ಪೇಸ್‌ಬಾರ್ ಒತ್ತಿದೆ.

ಹಡಗಿಳಿದ ಹೆಂಗಸು. ಖಾಲಿ ಓಣಿ. ಒದ್ದೆ ಸೂಟ್‌ಕೇಸು.
ನಾಯಿಯೊಂದು ಎದ್ದು ನಿಂತಿತು.
ಅವಳು ತಟ್ಟಿದಳು. ಬಾಗಿಲು ಬೆರಳಷ್ಟು ಸರಿಯಿತು,
ಎರಡು ಫ್ರೇಮು ಏನೂ ಇಲ್ಲ,
ಕಪ್ಪು.
ಈದ್‌ಗೆ ಬಿಡುಗಡೆ.

ಅವನು ಬಗ್ಗಿಯೇ ಇದ್ದ. 'ಆಮೇಲೆ? ತೆಗೆದದ್ದು ಯಾರು?'
ಗೊತ್ತಿಲ್ಲ ಸಾಹೇಬರೇ.
ಕಳುವಾದೀತೆಂದು ಕೊನೆಯ ಇಪ್ಪತ್ತು ನಿಮಿಷ
ನನಗೆ ಕಳಿಸುವುದೇ ಇಲ್ಲ.
ಹನ್ನೊಂದು ವರ್ಷ, ಇನ್ನೂರಾ ಚಿಲ್ಲರೆ ಚಿತ್ರ,
ಯಾರು ಸತ್ತರು, ಯಾರು ಸಿಕ್ಕರು, ಒಂದೂ ಗೊತ್ತಿಲ್ಲ.
ಟಿಕೆಟ್ಟಿನ ದುಡ್ಡಿಗೆ ಎರಡು ದಿನದ ಊಟ ಬರುತ್ತದೆ.
ಅವನು ನಂಬಲಿಲ್ಲ.
ತಿಂಗಳೊಳಗೆ ಕಾರ್ಡು ತಿದ್ದಿಸತಕ್ಕದ್ದು ಅಂತ ಬರೆದು ಹೋದ.

ಹಬ್ಬ ಮುಗಿದ ಮೂರನೇ ದಿನ ಬಂದ,
ಒಬ್ಬನೇ, ಫೈಲಿಲ್ಲದೆ.
ಹೊಸ್ತಿಲಲ್ಲೇ ನಿಂತು ಅಂದ:
'ಯಾರೂ ಇರಲಿಲ್ಲ. ಗಾಳಿ.
ಹೆಂಡತಿ ಮಕ್ಕಳು ಎಲ್ಲರನ್ನೂ ಕರಕೊಂಡು ಹೋದೆ. ಬರೀ ಗಾಳಿ.'

ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು.
ಕೊನೆ ಹೇಳಲು ಇವನ್ಯಾರು?
ರಾತ್ರಿಯೆಲ್ಲ ನಾನು ಆ ಬಾಗಿಲ ಹಿಂದೆ
ಒಬ್ಬ ಮುದುಕನನ್ನು ನಿಲ್ಲಿಸಿಟ್ಟಿದ್ದೆ,
ಕೈಯಲ್ಲಿ ಬೆಂಕಿಪೆಟ್ಟಿಗೆ ಕೊಟ್ಟು.

ಅವನು ಇನ್ನೂ ನಿಂತೇ ಇದ್ದ.
ಕೊನೆಗೆ ಕಂಕುಳ ಚೀಲದಿಂದ ಒಂದು ಬಿಳಿ ತೋಬು ತೆಗೆದ.
ಸಣ್ಣ ಮಗನದಂತೆ,
ಹಬ್ಬದ ನಮಾಜಿಗೆ ಹೋಗುವಾಗ ಹುಡುಗ ಎರಡು ಸಲ ಎಡವಿದನಂತೆ.

ಟೇಪಿನಿಂದ ಅಳೆದೆ. ಎರಡಿಂಚು.
ಶುಕ್ರವಾರ ಬನ್ನಿ ಅಂದೆ.
ಕಾರ್ಡಿನ ಮಾತು ಇಬ್ಬರೂ ಎತ್ತಲಿಲ್ಲ.