ಒಗೆಯದ ಬಟ್ಟೆ

ಬೆಳಿಗ್ಗೆ ಏಳಕ್ಕೆ ಚರ್ಚಿನ ಬಾಗಿಲು ತೆಗೆಯುತ್ತೇನೆ.
ಪ್ರಾರ್ಥನೆಗಲ್ಲ, ಸಂಬಳಕ್ಕೆ.
ಬೆಂಚುಗಳ ಮೇಲೆ ರಾಶಿ ರಾಶಿ ಬಟ್ಟೆ:
ಅಂಗಿ, ಲಂಗ, ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ಕಿಟೆಂಗೆ,
ಒಂದೇ ಒಂದು ಕಾಲುಚೀಲ.
ಮೂವತ್ತು ವರ್ಷದಲ್ಲಿ ಎಲ್ಲಕ್ಕೂ ಒಂದೇ ಬಣ್ಣ ಬಂದಿದೆ,
ನಮ್ಮ ಗುಡ್ಡದ ಮಣ್ಣಿನದು.

ತಗಡಿನ ಮಾಡಿನಲ್ಲಿ ಗ್ರೆನೇಡು ಬಿಟ್ಟುಹೋದ ತೂತು.
ಅದರಿಂದ ಬಿಸಿಲು ಕಾಸಿನಗಲ ಕೆಳಗೆ ಬೀಳುತ್ತದೆ.
ಶಾಲೆಯ ಮಕ್ಕಳು ಅದನ್ನು ಅಂಗೈಲಿ ಹಿಡಿಯಲು ಹೋಗುತ್ತಾರೆ,
ಟೀಚರು ಕಣ್ಣಲ್ಲೇ ಗದರುತ್ತಾರೆ.
ಹೋಗಲಿ ಬಿಡಿ, ಅನ್ನುತ್ತೇನೆ ನಾನು.
ಮಳೆಗಾಲದಲ್ಲಿ ಅದೇ ತೂತಿನ ಕೆಳಗೆ ಬಕೆಟ್ಟು ಇಡಬೇಕು.
ಅದೂ ನನ್ನ ಕೆಲಸ.

ಗೆದ್ದಲು ಹತ್ತಿದೆ ಅಂತ ನಾನೇ ಬರೆದಿದ್ದೆ.
ಮಾರ್ಚಿನಲ್ಲಿ ಕಿಗಾಲಿಯಿಂದ ಜನ ಬಂದರು.
ಕೈಗವಸು ತೊಟ್ಟ ತಜ್ಞೆ ಒಂದು ಅಂಗಿಯನ್ನು
ನಿದ್ದೆಹೋದ ಮಗುವನ್ನು ಎತ್ತುವ ಹಾಗೆ ಎತ್ತಿ ಹೇಳಿದಳು:
ಒಗೆಯಬಾರದು. ಧೂಳೂ ಸಾಕ್ಷಿ.
ಕಲೆ ಹೋದ ಮರುದಿನ ಯಾರೋ ಬರುತ್ತಾರೆ,
ಸಂತೆಯಲ್ಲಿ ಕೊಂಡು ತಂದ ಹಳೇ ಬಟ್ಟೆ ಅನ್ನುತ್ತಾರೆ.
ಗಾಜಿನ ಪೆಟ್ಟಿಗೆ, ಒಣಗಾಳಿಯ ಯಂತ್ರ, ಬಟ್ಟೆಗೆ ಇಷ್ಟು ಅಂತ ಖರ್ಚು.
ಲೆಕ್ಕದ ಹಾಳೆ ಕೈಯಿಂದ ಕೈಗೆ ಹೋಯಿತು.

ಹೊಸ ಪಾದ್ರಿ, ಆಗಿನ್ನೂ ಹುಟ್ಟೇ ಇರದ ಹುಡುಗ, ಕೆಮ್ಮಿದ.
ನಾನು ಮದುವೆಗಳನ್ನು ನೀಲಗಿರಿ ಮರದ ಕೆಳಗೆ ಮಾಡಿಸುತ್ತೇನೆ.
ನಮ್ಮ ಚರ್ಚು ನಮಗೆ ಯಾವಾಗ ವಾಪಸು?
ಸತ್ತವರ ಮುಂದೆ ಬದುಕಿದವರು
ಇನ್ನೆಷ್ಟು ದಿನ ಪಿಸುಗುಟ್ಟಬೇಕು?
ಯಾರೂ ಅವನನ್ನು ಬೈಯಲಿಲ್ಲ.
ಬೈಯಬೇಕಿತ್ತೋ ಏನೋ.

ಆಮೇಲೆ ಮುಕಂಕುಸಿ ಕೋಲೂರಿ ಎದ್ದಳು,
ಮೂರನೇ ಬೆಂಚಿನ ತನಕ ನಡೆದಳು.
ಈ ಸ್ವೆಟರು ನಾನು ಹೆಣೆದದ್ದು.
ತೋಳು ಉದ್ದ ಬಿಟ್ಟೆ, ಬೆಳೆಯುತ್ತಾನೆ ಅಂತ.
ಲೋಕಕ್ಕೆ ತೋರಿಸುತ್ತೀರಾ, ತೋರಿಸಿ. ಬೇಡ ಅನ್ನೋದಿಲ್ಲ.
ಆದರೆ ನನ್ನ ಮಗ ಒಂದು ಭಾನುವಾರವೂ
ಕೊಳೆ ಬಟ್ಟೆಯಲ್ಲಿ ಇಲ್ಲಿಗೆ ಬಂದವನಲ್ಲ.

ತಜ್ಞೆ ಕೈಗವಸು ಕಳಚಿದಳು.
ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೊಟ್ಟಳು.
ತೀರ್ಮಾನ ಮುಂದಿನ ಸಭೆಗೆ ಹೋಯಿತು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ
ಹೇಳುತ್ತಿದ್ದೆನೋ ಇಲ್ಲವೋ: ನನಗೆ ಆಗ ಏಳು ವರ್ಷ.
ಅಪ್ಪ ಈ ಗುಡ್ಡ ಇಳಿದು ಮನೆಗೆ ಬಂದ ಸಂಜೆ
ಅಮ್ಮ ಅವನ ಅಂಗಿಯನ್ನು ತೊರೆಗೆ ಒಯ್ದಳು.
ಸೋಪು ಹಿಡಿದುಕೊಂಡು ನಿಂತವನು ನಾನು.
ಒಂದು ಕಲೆಯೂ ಉಳಿಯಲಿಲ್ಲ. ಅಮ್ಮನ ಕೈ ಅಂಥದ್ದು.
ಮತ್ತೆ ಅಪ್ಪನನ್ನು ನೋಡಿದ್ದು ಜೈಲಿನ ಗುಲಾಬಿ ಬಟ್ಟೆಯಲ್ಲಿ,
ಮಡಿಕೆಯ ಗೆರೆ ಇನ್ನೂ ಮಾಸಿರಲಿಲ್ಲ.
ಶುಭ್ರ ಅಂದರೆ ನನಗೆ ಇವತ್ತಿಗೂ ಅದೇ ಬಣ್ಣ.

ಈ ಕೆಲಸಕ್ಕೆ ನನ್ನ ಹೆಸರು ಹೇಳಿದವಳು ಮುಕಂಕುಸಿ.
ಎಲ್ಲ ಗೊತ್ತಿದ್ದೂ. ಯಾಕೆ ಅಂತ ನಾನು ಕೇಳಿಲ್ಲ,
ಅವಳೂ ಹೇಳಿಲ್ಲ. ದಾರಿಯಲ್ಲಿ ಸಿಕ್ಕರೆ
ನಿನ್ನ ಹೆಂಡತಿಗೆ ಕೆಮ್ಮು ಹೋಯಿತಾ, ಅನ್ನುತ್ತಾಳೆ.

ಇವತ್ತು ಮಧ್ಯಾಹ್ನದಿಂದ ಮೋಡ.
ಬೀಗ ಹಾಕುವ ಹೊತ್ತಿಗೆ ತಗಡಿನ ಮೇಲೆ ಮೊದಲ ಹನಿ,
ಜೋಳ ಚೆಲ್ಲಿದ ಸದ್ದು.
ತೂತು ಇರುವುದು ಮೂರನೇ ಬೆಂಚಿನ ನೆತ್ತಿಗೆ,
ಸರಿಯಾಗಿ ಸ್ವೆಟರಿನ ಮೇಲೆ.
ಗೆದ್ದಲಿಗೆ ಇಷ್ಟೇ ತೇವ ಸಾಕು.
ಒಬ್ಬ ಹುಡುಗನಿಗೂ, ಬಹುಶಃ, ಇಷ್ಟೇ ನೀರು ಸಾಕಿತ್ತು.

ಬಕೆಟ್ಟು ನನ್ನ ಕೈಯಲ್ಲಿದೆ.
ಇನ್ನೂ ಕೆಳಗಿಟ್ಟಿಲ್ಲ.